ಧನ ಹೋಗಿ ದನ ಬಂತು!

ಹೋದ ತಿಂಗಳು ಇದೇ ಪುಟದಲ್ಲಿ ಒಂದು ಮಾತು ಕೇಳಿದ್ದೆ. ನಿಬ್ಬು, ಕುಂಚ, ಇಂಕಿನ ಬಾಟಲಿ ಇಟ್ಟುಕೊಂಡು ಕಾಮಿಕ್ಸ್ ಬಿಡಿಸುವವರು ಯಾರಾದರೂ ಇದ್ದರೆ, ನೀವು ಕೆಡಿಸಿಕೊಂಡ ಪುಟಗಳ ಕಥೆ ಬರೆದು ಕಳಿಸಿ ಅಂತ. ಹತ್ತೋ ಹನ್ನೆರಡೋ ಕಾಗದ ಬರಬಹುದು ಅಂದುಕೊಂಡಿದ್ದೆ, ಚೀಲ ತುಂಬ ಬಂದಿವೆ. ಕೆಲವು ಕಾಗದಗಳ ಮೇಲೇ ಮಸಿ ಚೆಲ್ಲಿದೆ! ಎಲ್ಲದಕ್ಕೂ ಉತ್ತರ ಬರೆಯಲು ಜಾಗ ಇಲ್ಲ. ಒಂದೇ ಥರದವನ್ನು ಸೇರಿಸಿ ಕೆಲವನ್ನು ಆರಿಸಿದ್ದೇನೆ. ಮಕ್ಕಳ ಪತ್ರಿಕೆಗಳಿಗೆ ಚಿತ್ರಕಥೆ ಬಿಡಿಸುತ್ತಾ ನನಗೆ ಇಪ್ಪತ್ತೆಂಟು ವರ್ಷ ಆಯ್ತು. ಇಲ್ಲಿ ಹೇಳುವುದರಲ್ಲಿ ಮುಕ್ಕಾಲು ಪಾಲು ಯಾರೂ ಹೇಳಿಕೊಟ್ಟದ್ದಲ್ಲ, ಹಾಳೆ ಕೆಡಿಸಿಕೊಂಡು ಗೊತ್ತಾದದ್ದು.

ಪ್ರಶ್ನೆ: ಸರ್, ಎಂಟು ಪುಟದ ಕಾಮಿಕ್ಸ್ ಶುರು ಮಾಡಿ ನಾಲ್ಕು ತಿಂಗಳಾಯ್ತು. ಮುಗಿದದ್ದು ಎರಡೇ ಪುಟ. ಪ್ರತಿ ಸಲವೂ ಕೊನೆಯ ಚೌಕಕ್ಕೆ ಬರುವಾಗ ಏನಾದರೂ ಎಡವಟ್ಟಾಗುತ್ತದೆ. ಮೊನ್ನೆ ನಾಯಕಿಯ ಕೆನ್ನೆಯ ಮೇಲೇ ಒಂದು ತೊಟ್ಟು ಇಂಕು ಬಿತ್ತು. ಟಿಶ್ಯೂ ತಗೊಂಡು ಒರೆಸಿದೆ, ಅರ್ಧ ಮುಖ ಕಪ್ಪಾಯ್ತು. ಹರಿದು ಹಾಕಿ ಮತ್ತೆ ಮೊದಲಿಂದ ಬಿಡಿಸುತ್ತಿದ್ದೇನೆ. ನಾನು ಇದಕ್ಕೆ ಲಾಯಕ್ಕಿಲ್ಲವಾ?
— ಬಿ.ಎ. ವಿದ್ಯಾರ್ಥಿನಿ, ಸಾಗರ

ಉತ್ತರ: ಮೊದಲು ಹರಿಯುವುದನ್ನು ನಿಲ್ಲಿಸಿ ತಂಗಿ. ಐದು ಚೌಕ ಚೆನ್ನಾಗಿ ಬಂದಿದ್ದ ಹಾಳೆ ಅದು.

ತೊಟ್ಟು ಬಿದ್ದ ತಕ್ಷಣ ಕೈ ತಾನಾಗಿಯೇ ಒರೆಸಲು ಹೋಗುತ್ತದೆ, ಒಲೆ ಮೇಲೆ ಹಾಲು ಉಕ್ಕಿದಾಗ ಮಸಿಬಟ್ಟೆ ಹುಡುಕಿದ ಹಾಗೆ. ಕೆಡುವುದು ಅಲ್ಲೇ. ಕಡಲೆಕಾಳಿನಷ್ಟಿದ್ದ ತೊಟ್ಟು ಒರೆಸಿದ ಮೇಲೆ ಅಂಗೈ ಅಗಲ ಆಗುತ್ತದೆ. ಒರೆಸಬೇಡಿ. ಬ್ಲಾಟಿಂಗ್ ಪೇಪರಿನ ಒಂದು ಮೂಲೆಯನ್ನು ಆ ತೊಟ್ಟಿನ ತಲೆಗೆ ಸುಮ್ನೆ ಮುಟ್ಟಿಸಿ. ಒತ್ತಬಾರದು, ಮುಟ್ಟಿಸಬೇಕು ಅಷ್ಟೇ. ಇಂಕು ತಾನೇ ಕಾಗದಕ್ಕೆ ಏರುತ್ತದೆ. ಆ ಮೂಲೆ ಕಪ್ಪಾದ ಮೇಲೆ ಇನ್ನೊಂದು ಮೂಲೆ. ಆಮೇಲೆ ಎದ್ದು ಹೋಗಿ ಕಾಫಿ ಕುಡಿಯಿರಿ, ರಾತ್ರಿಯಿಡೀ ಒಣಗಲಿ.

ಮಾರನೇ ದಿನ ಬಿಳಿ ಪೋಸ್ಟರ್ ಕಲರನ್ನು ಮೊಸರಿನಷ್ಟು ಗಟ್ಟಿಯಾಗಿ ಕಲಸಿ, ತೆಳ್ಳಗೆ ಎರಡು ಸಲ ಬಳಿಯಿರಿ. ಒಂದೇ ಸಲ ದಪ್ಪಗೆ ಬಳಿದರೆ ಒಣಗಿದ ಮೇಲೆ ಬಿರುಕು ಬಿಡುತ್ತದೆ. ವೈಟ್ನರ್ ಬೇಗ ಒಣಗುತ್ತದೆ ನಿಜ, ಆದರೆ ಅದರ ಮೇಲೆ ಚೂಪು ನಿಬ್ಬು ಓಡಿಸಿದರೆ ಬಿಳಿಯ ಸಿಪ್ಪೆ ಎದ್ದು ನಿಬ್ಬಿನ ಸೀಳಿಗೆ ಸಿಕ್ಕಿಕೊಂಡು, ಆ ನಿಬ್ಬು ಮುಂದಿನ ಗೆರೆಯಲ್ಲಿ ಇನ್ನೊಂದು ತೊಟ್ಟು ಉದುರಿಸುತ್ತದೆ. ವೈಟ್ನರ್ ಮೇಲೆ ಕುಂಚದಲ್ಲಿ ಬಿಡಿಸಿ. ಮುಖ ಪೂರ್ತಿ ಹೋಗಿದ್ದರೆ ತೇಪೆ ಹಾಕಿ. ಅದೇ ಹಾಳೆಯ ತುಂಡೊಂದರಲ್ಲಿ ಮುಖ ಮಾತ್ರ ಮತ್ತೆ ಬಿಡಿಸಿ, ಹೊರಗೆರೆಯ ಅಂಚಿಗೇ ಕತ್ತರಿಸಿ, ತೆಳ್ಳಗೆ ಗೋಂದು ಹಚ್ಚಿ ಕೂರಿಸಿ. ಅಚ್ಚಾದ ಮೇಲೆ ಅಲ್ಲಿ ತೇಪೆ ಇತ್ತು ಅಂತ ನಿಮ್ಮಮ್ಮನಿಗೂ ಗೊತ್ತಾಗುವುದಿಲ್ಲ.

ಇದು ಕಳ್ಳತನ ಅನ್ನಿಸುತ್ತದಾ? ಬೆಂಗಳೂರಿಗೆ ಬಂದರೆ ಎಂ.ಜಿ. ರಸ್ತೆ ಪಕ್ಕದ ಮಿಡ್‌ಫೋರ್ಡ್ ಹೌಸ್‌ನಲ್ಲಿರುವ ಕಾರ್ಟೂನ್ ಗ್ಯಾಲರಿಗೆ ಒಮ್ಮೆ ಹೋಗಿ, ಇಂಡಿಯನ್ ಇನ್‌ಸ್ಟಿಟ್ಯೂಟ್ ಆಫ್ ಕಾರ್ಟೂನಿಸ್ಟ್ಸ್ ಅದನ್ನು 2007ರಿಂದ ನಡೆಸುತ್ತಿದೆ. ಯಾರದಾದರೂ ಕೈಯಲ್ಲಿ ಬಿಡಿಸಿದ ಮೂಲ ಹಾಳೆ ಗೋಡೆಯ ಮೇಲಿದ್ದರೆ ಎದುರಿಗೆ ನಿಲ್ಲಬೇಡಿ, ಪಕ್ಕಕ್ಕೆ ಸರಿದು ಓರೆಯಾಗಿ ನೋಡಿ. ಬಿಳಿ ಬಳಿದ ಜಾಗ ಬೆಳಕಿಗೆ ಬೇರೆಯಾಗಿಯೇ ಕಾಣುತ್ತದೆ. ದೊಡ್ಡವರ ಹಾಳೆಯಲ್ಲೂ ಇರುತ್ತದೆ. ಅಚ್ಚಿನಲ್ಲಿ ನೋಡಿ ಇವರಿಗೆ ತಪ್ಪೇ ಆಗುವುದಿಲ್ಲ ಅಂದುಕೊಳ್ಳುವುದು ನಮ್ಮ ಭ್ರಮೆ.

ಈಗ ಅಸಲು ಪ್ರಶ್ನೆ. ಪ್ರತಿ ಸಲವೂ *ಕೊನೆಯ* ಚೌಕದಲ್ಲೇ ಯಾಕೆ? ಕೊನೆಯ ಚೌಕ ಇರುವುದು ಕೆಳಗೆ ಬಲಮೂಲೆಯಲ್ಲಿ. ನಿಮ್ಮ ಇಂಕಿನ ಬಾಟಲಿ ಎಲ್ಲಿರುತ್ತದೆ? ಎಡಕ್ಕೋ ಮೇಲಕ್ಕೋ ಇದ್ದರೆ, ತುಂಬಿದ ನಿಬ್ಬು ಇಡೀ ಪುಟ ದಾಟಿ ಬರಬೇಕು. ಬಾಟಲಿಯನ್ನು ಬಲಗೈ ಪಕ್ಕಕ್ಕೆ ಇಡಿ. ನಿಬ್ಬಿನ ನಡುವಿನ ತೂತಿನ ಅರ್ಧದಷ್ಟು ಮಾತ್ರ ಅದ್ದಿ, ಬಾಟಲಿಯ ಬಾಯಿಗೆ ಒಮ್ಮೆ ತಾಗಿಸಿ, ಪಕ್ಕದ ರದ್ದಿ ಕಾಗದದ ಮೇಲೆ ಒಂದು ಗೆರೆ ಎಳೆದು ನೋಡಿ, ಆಮೇಲೆ ಪುಟಕ್ಕೆ ಬನ್ನಿ. ಇನ್ನೊಂದು ಕಾರಣ ನಿಮಗೇ ಗೊತ್ತಿರುತ್ತದೆ, ಮುಗಿಸಿಬಿಡೋಣ ಅನ್ನುವ ಅವಸರ. ಕಷ್ಟದ ಮುಖವನ್ನು ಕೊನೆಗೆ ಉಳಿಸಬೇಡಿ. ಕೈ ಚೆನ್ನಾಗಿ ಓಡುತ್ತಿರುವಾಗಲೇ, ಅದು ಎಷ್ಟನೇ ಚೌಕದಲ್ಲಿದ್ದರೂ, ಅದಕ್ಕೆ ಮೊದಲು ಇಂಕು ಹಾಕಿ. ಮರ, ಗೋಡೆ, ಕಲ್ಲು ಕೊನೆಗಿರಲಿ. ಬಂಡೆಯ ಮೇಲೆ ತೊಟ್ಟು ಬಿದ್ದರೆ ಅದೂ ಬಂಡೆಯೇ.

ಪ್ರಶ್ನೆ: ಇಂಕು ಒಣಗಿದೆ ಅಂತ ರಬ್ಬರ್ ಹಾಕಿದರೆ ಗೆರೆ ಬೂದಿ ಬಣ್ಣಕ್ಕೆ ತಿರುಗುತ್ತದೆ. ಕೆಲವು ಕಡೆ ಎಳೆದುಕೊಂಡೂ ಹೋಗುತ್ತದೆ. ಮಕ್ಕಳಿಗೆ ಏನು ಹೇಳಿಕೊಡಲಿ?
— ಡ್ರಾಯಿಂಗ್ ಮೇಷ್ಟ್ರು, ಹಾವೇರಿ

ಉತ್ತರ: ಮೇಷ್ಟ್ರೇ, ಇಲ್ಲಿ ತಪ್ಪು ಇಂಕಿನದಲ್ಲ, ಪೆನ್ಸಿಲ್‌ದು. ಮಕ್ಕಳು ಮೆತ್ತಗಿನ ಸೀಸದ 2ಬಿ ಪೆನ್ಸಿಲ್‌ನಲ್ಲಿ ಒತ್ತಿ ಬಿಡಿಸಿರುತ್ತಾರೆ. ಆ ಪುಡಿಯ ಮೇಲೆ ಇಂಕು ಕೂತರೆ ಅದು ಕಾಗದವನ್ನು ಹಿಡಿದುಕೊಳ್ಳುವುದಿಲ್ಲ, ಪುಡಿಯನ್ನು ಹಿಡಿದುಕೊಳ್ಳುತ್ತದೆ. ರಬ್ಬರ್ ಹಾಕಿದಾಗ ಪುಡಿಯ ಜೊತೆಗೆ ಇಂಕೂ ಎದ್ದು ಬರುತ್ತದೆ. ಗಟ್ಟಿ ಸೀಸದ ಎಚ್ ಅಥವಾ 2ಎಚ್ ಪೆನ್ಸಿಲ್, ಹಗುರ ಕೈ. ಇಂಕಿಗೆ ಮೊದಲು ಒಮ್ಮೆ ಮೆತ್ತಗಿನ ರಬ್ಬರ್ ಆಡಿಸಿ ಗೆರೆಯನ್ನು ಮಸುಕು ಮಾಡಿಕೊಂಡರೆ ಇನ್ನೂ ಒಳ್ಳೆಯದು.

ಇನ್ನೊಂದು ಉಪಾಯ ತಿಳಿನೀಲಿ ಪೆನ್ಸಿಲ್. ಹಿಂದೆ ಅಚ್ಚಿಗೆ ಫೋಟೊ ತೆಗೆಯುತ್ತಿದ್ದ ಫಿಲ್ಮಿಗೆ ತಿಳಿನೀಲಿ ಕಾಣುತ್ತಲೇ ಇರಲಿಲ್ಲ, ಹಾಗಾಗಿ ಕಲಾವಿದರು ನೀಲಿಯಲ್ಲಿ ಬಿಡಿಸಿ ಅಳಿಸದೆ ಹಾಗೇ ಕೊಡುತ್ತಿದ್ದರು. ಈಗ ಸ್ಕ್ಯಾನ್ ಮಾಡಿದ ಮೇಲೆ ಕಂಪ್ಯೂಟರ್‌ನಲ್ಲಿ ಆ ನೀಲಿಯನ್ನು ತೆಗೆದುಹಾಕಬಹುದು. ಅಳಿಸುವ ಕೆಲಸವೇ ಇಲ್ಲ ಅಂದಮೇಲೆ ಅಳಿಸುವಾಗ ಆಗುವ ತಪ್ಪೂ ಇಲ್ಲ, ಅಲ್ವಾ?

ಒಣಗಿದೆಯಾ ಅಂತ ಬೆರಳಿಟ್ಟು ನೋಡಬೇಡಿ. ಹಾಳೆಯನ್ನು ಕಿಟಕಿಯ ಕಡೆ ಓರೆ ಮಾಡಿ ಹಿಡಿಯಿರಿ. ಹಸಿ ಇಂಕು ಮಿಣಮಿಣ ಹೊಳೆಯುತ್ತದೆ.

ಪ್ರಶ್ನೆ: ಮಳೆಗಾಲ ಬಂತೆಂದರೆ ನನ್ನ ಗೆರೆಗಳಿಗೆ ಕೂದಲು ಹುಟ್ಟುತ್ತದೆ! ಅದೇ ಇಂಕು, ಅದೇ ಹಾಳೆ, ಬೇಸಿಗೆಯಲ್ಲಿ ಚೆನ್ನಾಗಿತ್ತು. ಈಗ ಗೆರೆಯ ಎರಡೂ ಕಡೆ ಸಣ್ಣ ಸಣ್ಣ ಬೇರು ಹರಡುತ್ತದೆ.
— ಬ್ಯಾಂಕ್ ಉದ್ಯೋಗಿ, ಉಡುಪಿ

ಉತ್ತರ: ಕಾಟನ್ ಸೀರೆಗೆ ಗಂಜಿ ಹಾಕುವ ಹಾಗೆ ಕಾಗದ ಮಾಡುವಾಗಲೂ ಅದಕ್ಕೆ ಪಿಷ್ಟದಂಥ ಅಂಟು ಹಾಕುತ್ತಾರೆ. ಇಂಕು ಒಳಗೆ ಇಳಿಯದೆ ಮೇಲೆ ನಿಲ್ಲುವುದು ಅದರಿಂದ. ಗಂಜಿ ಹಾಕಿದ ಸೀರೆ ಆಷಾಢದಲ್ಲಿ ಹೇಗೆ ಮೆತ್ತಗಾಗುತ್ತದೋ ಹಾಳೆಯೂ ಹಾಗೇ ತೇವ ಹೀರಿ ಮೆತ್ತಗಾಗುತ್ತದೆ, ಇಂಕು ನಾರಿನ ಜಾಡು ಹಿಡಿದು ಓಡುತ್ತದೆ. ನಿಮ್ಮ ಕಡೆ ಗಾಳಿಯಲ್ಲೇ ನೀರಿರುತ್ತದೆ, ಏನು ಮಾಡೋದು.

ಹಾಳೆಗಳನ್ನು ಪ್ಲಾಸ್ಟಿಕ್ ಕವರಿನಲ್ಲಿ ಬಿಗಿಯಾಗಿ ಸುತ್ತಿ ಇಡಿ. ಹೊಸ ಚಪ್ಪಲಿ, ಬ್ಯಾಗಿನ ಜೊತೆ ಬರುವ ತೇವ ಹೀರುವ ಸಣ್ಣ ಪೊಟ್ಟಣಗಳನ್ನು ಎಸೆಯದೆ ಒಳಗೆ ಹಾಕಿಡಿ. ಬೇಕಾದ ಒಂದೇ ಹಾಳೆ ಹೊರಗೆ ತೆಗೆಯಿರಿ. ತೆಳು ಡ್ರಾಯಿಂಗ್ ಶೀಟ್ ಬಿಟ್ಟು ನುಣುಪಾದ ಐವರಿ ಕಾರ್ಡಿಗೆ ಬನ್ನಿ, 200 ಜಿ.ಎಸ್.ಎಂ.ಗಿಂತ (ಒಂದು ಚದರ ಮೀಟರ್ ಹಾಳೆ ಎಷ್ಟು ಗ್ರಾಂ ತೂಗುತ್ತದೆ ಅನ್ನುವ ಲೆಕ್ಕ) ದಪ್ಪದ್ದು. ಒಂದೇ ಕಡೆ ಪದೇ ಪದೇ ರಬ್ಬರ್ ಉಜ್ಜಿದರೂ ಮೇಲಿನ ಪದರ ಸವೆದು ಇದೇ ಕೂದಲು ಹುಟ್ಟುತ್ತದೆ. ಇಂಕಿಗೆ ನೀರು ಜಾಸ್ತಿ ಸೇರಿಸಿದರೂ ಅಷ್ಟೇ. ಕೈ ಬೆವರುತ್ತದೆ, ಆದ್ದರಿಂದ ಅಂಗೈ ಕೆಳಗೆ ಒಂದು ಕಾಗದ ಇಟ್ಟುಕೊಳ್ಳಿ. ಬನ್ಸೋ ಗೋಳಿಬಜೆಯೋ ತಿಂದ ಕೈಯನ್ನು ತೊಳೆದೇ ಕೂರಿ, ಎಣ್ಣೆ ತಾಗಿದ ಕಡೆ ಇಂಕು ಹಿಡಿಯುವುದೇ ಇಲ್ಲ. ಇದನ್ನು ಬಲ್ಲೆ. ಹೇಗೆ ಬಲ್ಲೆ ಅಂತ ಕೇಳಬೇಡಿ.

ಪ್ರತಿ ಪುಟ ಶುರು ಮಾಡುವ ಮೊದಲು, ಕತ್ತರಿಸಿ ಹೋಗುವ ಅಂಚಿನಲ್ಲಿ ಒಂದು ಸಣ್ಣ ಗೆರೆ, ಒಂದು ದಪ್ಪ ಗೆರೆ, ಒಂದು ಚುಕ್ಕೆ. ಎರಡು ನಿಮಿಷ ಕಾದು ನೋಡಿ. ಕೂದಲು ಬಂದರೆ ಅವತ್ತು ಪೆನ್ಸಿಲ್ ಕೆಲಸ ಮಾಡಿ.

ಪ್ರಶ್ನೆ: ಐದು ವರ್ಷದಿಂದ ಟ್ಯಾಬ್ಲೆಟ್‌ನಲ್ಲಿ ಕಾಮಿಕ್ಸ್ ಮಾಡುತ್ತಿದ್ದೇನೆ. ಅಲ್ಲಿ ನನ್ನ ಗೆರೆ ತುಂಬ ಕ್ಲೀನ್. ಆಸೆಗೆ ಡಿಪ್ ಪೆನ್ ತಗೊಂಡೆ. ಕೈ ನಡುಗುತ್ತದೆ. ಎಡಗೈ ಬೆರಳು ಅನ್‌ಡೂ ಒತ್ತಲು ಮೇಜಿನ ಮೇಲೆ ತಡಕಾಡುತ್ತದೆ, ನಿಜವಾಗಲೂ! ಅನ್‌ಡೂ ಇಲ್ಲದ ಕಡೆ ಯಾಕೆ ಹೋಗಬೇಕು ಅಂತ ನನ್ನ ಸ್ನೇಹಿತರು ನಗುತ್ತಾರೆ. ನೀವೇನಂತೀರಿ?
— ಸಾಫ್ಟ್‌ವೇರ್ ಎಂಜಿನಿಯರ್, ಬೆಂಗಳೂರು

ಉತ್ತರ: ಹೋಗಲೇಬೇಕು ಅಂತೇನಿಲ್ಲ. ನಾನೂ ಬಣ್ಣ ಹಾಕುವುದು ಕಂಪ್ಯೂಟರ್‌ನಲ್ಲೇ. ಆದರೆ ನೀವು ಕೇಳಿದ್ದೀರಿ ಅಂತ ಹೇಳುತ್ತೇನೆ, ನಿಮ್ಮ ಕ್ಲೀನ್ ಗೆರೆ ಹತ್ತನೇ ಸಲ ಎಳೆದ ಗೆರೆ. ಒಂಬತ್ತು ಸಲ ಅಳಿಸಿದ್ದೀರಿ. ಆ ಒಂಬತ್ತು ಗೆರೆಗಳು ಯಾಕೆ ಸರಿ ಬರಲಿಲ್ಲ ಅನ್ನುವುದನ್ನು ನೋಡುವ ಮೊದಲೇ ಅವು ಮಾಯವಾದವು. ಕಾಗದದ ಮೇಲೆ ಅವು ಹಾಗೇ ಕೂತಿರುತ್ತವೆ, ನಿಮ್ಮನ್ನೇ ನೋಡುತ್ತಾ. ಇಷ್ಟೇ ವ್ಯತ್ಯಾಸ.

ನಡುಕದ ವಿಷಯ. ಕೈ ನಡುಗುವುದು ಹೆದರಿಕೆಯಿಂದಲ್ಲ, ನಿಧಾನದಿಂದ. ತಪ್ಪಬಾರದು ಅಂತ ಇರುವೆಯ ಹಾಗೆ ಹರಿದರೆ ಗೆರೆ ನಡುಗಿಯೇ ನಡುಗುತ್ತದೆ, ಸೈಕಲ್ ನಿಧಾನಕ್ಕೆ ತುಳಿದರೆ ಓಲಾಡುವುದಿಲ್ಲವೇ, ಹಾಗೆ. ನಮ್ಮ ಅಜ್ಜಿ ಬೆಳಗ್ಗೆ ರಂಗೋಲಿ ಹಾಕುವಾಗ ಬಗ್ಗಿ ಪಕ್ಕದಲ್ಲಿ ಕೂತು ನೋಡುತ್ತಿದ್ದೆ. ಅವರ ಕಣ್ಣು ಬೆರಳಿನ ಮೇಲೆ ಇರುತ್ತಲೇ ಇರಲಿಲ್ಲ. ಹೆಬ್ಬೆರಳು ತೋರುಬೆರಳ ಸಂದಿಯಿಂದ ಪುಡಿ ಬೀಳುತ್ತಾ ಇರುವುದು ಇಲ್ಲಿ, ಕಣ್ಣು ಇರುವುದು ಮುಂದಿನ ಚುಕ್ಕಿಯ ಮೇಲೆ. ಈ ಸಂಗತಿ ನನ್ನ ಕೈಗೆ ಬರಲು ಹದಿನೈದು ವರ್ಷ ಬೇಕಾಯ್ತು. ನಿಬ್ಬಿನ ತುದಿ ನೋಡಬೇಡಿ. ಗೆರೆ ಎಲ್ಲಿ ಮುಗಿಯಬೇಕೋ ಆ ಜಾಗ ನೋಡಿ, ಎಳೆಯಿರಿ. ಮಣಿಕಟ್ಟಿನಿಂದಲ್ಲ, ಉದ್ದ ಗೆರೆಯಾದರೆ ಭುಜದಿಂದ.

ಮತ್ತೆ, ನಿಬ್ಬನ್ನು ಮುಂದಕ್ಕೆ ತಳ್ಳಬೇಡಿ. ತುದಿ ಎರಡಾಗಿ ಸೀಳಿರುತ್ತದೆ, ತಳ್ಳಿದರೆ ಕಾಗದದ ನಾರಿಗೆ ಸಿಕ್ಕಿ ಚಿಟ್ ಅಂತ ಇಂಕು ಸಿಡಿಯುತ್ತದೆ. ಯಾವಾಗಲೂ ನಿಮ್ಮ ಕಡೆಗೆ ಎಳೆದುಕೊಳ್ಳಿ, ಅದಕ್ಕೆ ತಕ್ಕ ಹಾಗೆ ಹಾಳೆಯನ್ನು ತಿರುಗಿಸುತ್ತಾ ಇರಿ. ಹೊಸ ನಿಬ್ಬು ಇಂಕು ಹಿಡಿಯದೆ ಹನಿ ಹನಿ ಬಿಟ್ಟರೆ ಅದು ನಿಮ್ಮ ಕೈಯ ತಪ್ಪಲ್ಲ, ತುಕ್ಕು ಹಿಡಿಯದಿರಲಿ ಅಂತ ಕಾರ್ಖಾನೆಯಲ್ಲಿ ಹಚ್ಚಿದ ಎಣ್ಣೆ. ಸ್ವಲ್ಪ ಟೂತ್‌ಪೇಸ್ಟ್ ಹಚ್ಚಿ ತಿಕ್ಕಿ ತೊಳೆದು ಒರೆಸಿ.

ಎಡಗೈ ಬೆರಳಿಗೂ ಒಂದು ಕೆಲಸ ಕೊಡಿ. ಬ್ಲಾಟಿಂಗ್ ಪೇಪರ್ ಹಿಡಿದುಕೊಂಡಿರಲಿ.

ಪ್ರಶ್ನೆ: ಸರ್ ನಾನು ಹತ್ತನೇ ಕ್ಲಾಸು. ನನ್ನ ಚಿತ್ರ ಚೆನ್ನಾಗಿದೆ ಅಂತಾರೆ, ಆದರೆ ಮಾತು ಬರೆದ ಮೇಲೆ ಇಡೀ ಪುಟ ಗಲೀಜಾಗುತ್ತದೆ. ಇಂಗ್ಲಿಷ್ ಕಾಮಿಕ್ಸ್ ನೋಡಿ ಬಲೂನ್ ಹಾಕುತ್ತೇನೆ, ಅದರೊಳಗೆ ಕನ್ನಡ ಹಿಡಿಸುವುದೇ ಇಲ್ಲ.
— ದಾವಣಗೆರೆ

ಉತ್ತರ: ನೀನು ಕೇಳಿದ್ದು ಇವತ್ತಿನ ಪ್ರಶ್ನೆಗಳಲ್ಲೇ ಒಳ್ಳೆಯದು. ಇದಕ್ಕೆ ನನ್ನ ಅತಿ ದೊಡ್ಡ ಅವಮಾನದ ಕಥೆಯನ್ನೇ ಹೇಳಬೇಕು.

ನಾನು ಈ ಕೆಲಸಕ್ಕೆ ಬಂದು ಎರಡನೇ ವರ್ಷ. ಜಿಪುಣನೊಬ್ಬನಿಗೆ ಹುಣಸೆಮರದ ಕೆಳಗೆ ಹೊನ್ನಿನ ಕೊಪ್ಪರಿಗೆ ಸಿಗುವ ಕಥೆ. ಆ ಪುಟಕ್ಕೆ ಒಂದು ವಾರ ಕೂತಿದ್ದೆ. ಮರದ ತೊಗಟೆಗೇ ಒಂದು ದಿನ. ಜಿಪುಣ ಎರಡೂ ಕೈ ಮೇಲೆತ್ತಿ ‘ಧನ! ಧನ! ನನಗೆ ಧನ ಸಿಕ್ಕಿತು!’ ಅಂತ ಕುಣಿಯುತ್ತಾನೆ. ಮಾತನ್ನು ಕೊನೆಗೆ, ಉಳಿದ ಜಾಗದಲ್ಲಿ, ಚಿತ್ರಕ್ಕೆ ಬಳಸಿದ ಅದೇ ದಪ್ಪ ನಿಬ್ಬಿನಲ್ಲಿ ಅವಸರದಲ್ಲಿ ಬರೆದೆ. ಆ ಪತ್ರಿಕೆ ಅಚ್ಚಾಗುತ್ತಿದ್ದದ್ದು ನ್ಯೂಸ್‌ಪ್ರಿಂಟಿನಲ್ಲಿ. ಅದರ ಮೇಲೆ ಇಂಕು ಸ್ವಲ್ಪ ಹರಡಿಕೊಳ್ಳುತ್ತದೆ. ‘ಧ’ದ ಹೊಟ್ಟೆ ಸೀಳಿದ ಆ ಸಣ್ಣ ಗೆರೆ ಇದೆಯಲ್ಲ, ಅದು ಮುಚ್ಚಿಹೋಯ್ತು. ಸಂಚಿಕೆ ಕೈಗೆ ಬಂದಾಗ ನೋಡಿದರೆ ಹೊನ್ನಿನ ಕೊಪ್ಪರಿಗೆ ಮುಂದೆ ನಿಂತ ಜಿಪುಣ ಆನಂದಬಾಷ್ಪ ಸುರಿಸುತ್ತಾ ಕೂಗುತ್ತಿದ್ದಾನೆ: ‘ದನ! ದನ! ನನಗೆ ದನ ಸಿಕ್ಕಿತು!’

ಓದುಗರ ಕಾಗದಗಳು ಬಂದವು. ಒಬ್ಬ ಹುಡುಗ ಬರೆದಿದ್ದ, ‘ದನ ಎಲ್ಲಿದೆ ಸರ್? ಮರದ ಹಿಂದೆ ಇದೆಯಾ?’

ತಿಂಗಳುಗಟ್ಟಲೆ ಅದರ ನೆನಪಾದರೆ ಕಿವಿ ಬಿಸಿಯಾಗುತ್ತಿತ್ತು. ಆದರೆ ಆ ಪುಟದಿಂದ ಗೊತ್ತಾದಷ್ಟು ಬೇರೆ ಯಾವ ಪುಟದಿಂದಲೂ ನನಗೆ ಗೊತ್ತಾಗಿಲ್ಲ. ಒಂದೊಂದೇ ಹೇಳುತ್ತೇನೆ ಕೇಳು.

ಇಂಗ್ಲಿಷ್ ಕಾಮಿಕ್ಸ್‌ನಲ್ಲಿ ಹೆಚ್ಚಾಗಿ ಎಲ್ಲವೂ ದೊಡ್ಡಕ್ಷರ. ಸಾಲಿನ ಮೇಲೂ ಏನೂ ಇಲ್ಲ, ಕೆಳಗೂ ಏನೂ ಇಲ್ಲ, ಇಟ್ಟಿಗೆ ಜೋಡಿಸಿದ ಹಾಗೆ ಸಾಲುಗಳನ್ನು ಒತ್ತೊತ್ತಾಗಿ ಇಡಬಹುದು. ನಮ್ಮದು ಹಾಗಲ್ಲ. ಮೇಲೆ ತಲೆಕಟ್ಟು, ಗುಡಿಸು. ಕೆಳಗೆ ಒತ್ತಕ್ಷರ. ‘ರಾಷ್ಟ್ರ’ ಅಂತ ಬರೆದು ನೋಡು, ಒಂದು ಅಕ್ಷರಕ್ಕೆ ಎರಡೆರಡು ಒತ್ತು ಜೋತು ಬೀಳುತ್ತದೆ. ಅದರ ಕೆಳಗಿನ ಸಾಲಲ್ಲಿ ‘ಕೀರ್ತಿ’ ಬಂದರೆ ಮೇಲಿನ ಒತ್ತು, ಕೆಳಗಿನ ಗುಡಿಸು ಎರಡೂ ಗುದ್ದಾಡಿಕೊಳ್ಳುತ್ತವೆ. ಎರಡು ಸಾಲಿನ ನಡುವೆ ಕಡಿಮೆಯೆಂದರೂ ಒಂದು ಅಕ್ಷರದಷ್ಟು ಜಾಗ ಬಿಡಲೇಬೇಕು. ಅಂದರೆ ಅವರ ಬಲೂನು ನಮಗೆ ಯಾವತ್ತೂ ಸಾಕಾಗುವುದಿಲ್ಲ. ಬಲೂನ್ ಹಾಕಿ ಅಕ್ಷರ ತುರುಕಬೇಡ. ಪೆನ್ಸಿಲ್‌ನಲ್ಲಿ ಮೊದಲು ಮಾತು ಬರೆ, ಅದರ ಸುತ್ತ ಬಲೂನ್ ಹಾಕು, ಉಳಿದ ಜಾಗದಲ್ಲಿ ಚಿತ್ರ. ಹೊಟ್ಟೆಗೆ ತಕ್ಕ ಅಂಗಿ ಹೊಲಿಸುತ್ತೇವೆಯೇ ಹೊರತು ಅಂಗಿಗೆ ತಕ್ಕ ಹೊಟ್ಟೆ ಯಾರೂ ಹೊಲಿಸುವುದಿಲ್ಲ.

ಇಂಕು ಹಾಕುವಾಗಲೂ ಅಕ್ಷರವೇ ಮೊದಲು. ಅದಕ್ಕೆ ಬೇರೆ ಪೆನ್ನು. ಒಂದೇ ದಪ್ಪದ ಗೆರೆ ಕೊಡುವ ಟೆಕ್ನಿಕಲ್ ಪೆನ್ನೋ ಫೈನ್‌ಲೈನರೋ ಆದೀತು. ಅಚ್ಚಿಗಿಂತ ಒಂದೂವರೆ ಪಟ್ಟು ದೊಡ್ಡದಾಗಿ ಬಿಡಿಸುವುದು ರೂಢಿ, ಅಮೆರಿಕದ ಕಾಮಿಕ್ಸ್‌ನವರು 10 ಇಂಚು ಅಗಲ 15 ಇಂಚು ಎತ್ತರಕ್ಕೆ ಬಿಡಿಸುತ್ತಾರೆ. ಆ ಲೆಕ್ಕದಲ್ಲಿ ನೀನು ಎಳೆದ 0.3 ಮಿಲಿಮೀಟರ್ ಗೆರೆ ಅಚ್ಚಿನಲ್ಲಿ 0.2 ಆಗುತ್ತದೆ. ಗೆರೆ ಮಾತ್ರ ಕುಗ್ಗುವುದಲ್ಲ, ಸಂದುಗಳೂ ಕುಗ್ಗುತ್ತವೆ. ದ–ಧ, ಬ–ಭ, ಪ–ಫ, ಡ–ಢ ಇವುಗಳ ವ್ಯತ್ಯಾಸ ಇರುವುದೇ ಆ ಸಂದಿನಲ್ಲಿ. ‘ಥ’ದ ಚುಕ್ಕೆ ಅಂತೂ ಹರಡಿಕೊಳ್ಳಲು ಕಾದೇ ಇರುತ್ತದೆ. ಸೀಳನ್ನು ನಿನಗೆ ಅತಿಯಾಯ್ತು ಅನ್ನಿಸುವಷ್ಟು ಉದ್ದ ಎಳೆ, ಎರಡೂ ಕಡೆ ಬಿಳಿ ಬಿಡು. ಆಮೇಲೆ ಒಂದು ಜೆರಾಕ್ಸ್ ತೆಗೆಸು, ಅಚ್ಚಿನ ಅಳತೆಗೆ ಕುಗ್ಗಿಸಿ. ಅದನ್ನು ಚಿತ್ರಕಥೆ ಗೊತ್ತಿಲ್ಲದವರ ಕೈಗೆ ಕೊಟ್ಟು ಗಟ್ಟಿಯಾಗಿ ಓದಿಸು. ನನ್ನ ಪುಟಗಳನ್ನು ಈಗಲೂ ನಮ್ಮ ಪಕ್ಕದ ಮನೆಯ ಐದನೇ ಕ್ಲಾಸಿನ ಹುಡುಗಿ ಓದಿ ಪಾಸು ಮಾಡಬೇಕು.

ಮಾತನ್ನೇ ಕಡಿಮೆ ಮಾಡುವುದೂ ಇದೆ. ‘ನಾನು ಈಗ ಇಲ್ಲಿಂದ ಹೊರಟುಹೋಗುತ್ತಿದ್ದೇನೆ’ ಅಂತ ಯಾರು ಹೇಳುತ್ತಾರೆ? ‘ಹೊರಟೆ’ ಅನ್ನುತ್ತಾರೆ. ಕಾಲು ಭಾಗ ಬಲೂನು ಸಾಕು.

ಪ್ರಶ್ನೆ: ಅಂಕಲ್, ವೋಟು ಹಾಕಿದಾಗ ಬೆರಳಿಗೆ ಹಚ್ಚುವ ಇಂಕು ನಮ್ಮ ಊರಲ್ಲೇ ಮಾಡುತ್ತಾರಂತೆ. ಅದು ಅಳಿಸುವುದೇ ಇಲ್ಲವಲ್ಲ, ಅದರಲ್ಲಿ ಕಾಮಿಕ್ಸ್ ಬಿಡಿಸಬಹುದಾ?
— ಆರನೇ ತರಗತಿ, ಮೈಸೂರು

ಉತ್ತರ: ಬೇಡ ಪುಟ್ಟಾ! ಅದನ್ನು ಮಾಡುವುದು ನಿಮ್ಮೂರಿನ ಮೈಸೂರು ಪೇಂಟ್ಸ್ ಕಾರ್ಖಾನೆಯಲ್ಲಿ. ನಾಲ್ವಡಿ ಕೃಷ್ಣರಾಜ ಒಡೆಯರ್ ಕಾಲದಲ್ಲಿ, 1937ರಲ್ಲಿ ಶುರುವಾದದ್ದು. 1962ರ ಚುನಾವಣೆಯಿಂದ ಅಲ್ಲಿಂದಲೇ ಹೋಗುತ್ತಿದೆ. ಅದರಲ್ಲಿರುವುದು ಸಿಲ್ವರ್ ನೈಟ್ರೇಟ್. ಚರ್ಮಕ್ಕೆ ಹಿಡಿದು, ಬೆಳಕು ಬಿದ್ದ ಹಾಗೆ ಕಪ್ಪಾಗುತ್ತದೆ. ನಮ್ಮ ಇಂಡಿಯನ್ ಇಂಕು ಬೇರೆ ಜಾತಿ. ಅದು ಹೊಗೆಯ ಮಸಿ. ದೀಪದ ಮೇಲೆ ತಟ್ಟೆ ಹಿಡಿದು ಕಾಡಿಗೆ ಮಾಡುತ್ತಾರಲ್ಲ, ಅಂಥ ಮಸಿಯನ್ನು ನುಣ್ಣಗೆ ಮಾಡಿ ಅಂಟಿನ ಜೊತೆ ಸೇರಿಸಿದ್ದು. ಚಿತ್ರಕ್ಕೆ ಅದೇ ಸರಿ.

ಪ್ರಶ್ನೆ: ದುಬಾರಿ ಕುಂಚ ಎರಡೇ ತಿಂಗಳಿಗೆ ಪೊರಕೆ ಆಯ್ತು. ಡ್ರಾಯಿಂಗ್ ಇಂಕು ತುಂಬಿದ ಫೌಂಟನ್ ಪೆನ್ನೂ ಕಟ್ಟಿಕೊಂಡಿತು. ನನ್ನ ಗ್ರಹಚಾರವೇ?
— ಕಲಬುರಗಿ

ಉತ್ತರ: ಗ್ರಹಚಾರ ಅಲ್ಲ, ಅರಗು. ವಾಟರ್‌ಪ್ರೂಫ್ ಇಂಡಿಯನ್ ಇಂಕಿನಲ್ಲಿ ಸಾಮಾನ್ಯವಾಗಿ ಅರಗು ಇರುತ್ತದೆ. ಒಣಗಿದ ಮೇಲೆ ನೀರಿಗೆ ಕರಗುವುದಿಲ್ಲ. ಆ ಇಂಕನ್ನು ಫೌಂಟನ್ ಪೆನ್ನಿಗೆ ಯಾವತ್ತೂ ತುಂಬಬಾರದು, ನಾನೂ ಎರಡು ಕೊಂದಿದ್ದೇನೆ. ಕುಂಚವನ್ನು ಕೂದಲಿನ ಅರ್ಧಕ್ಕಿಂತ ಜಾಸ್ತಿ ಅದ್ದಬೇಡಿ. ಇಂಕು ಮೇಲಿನ ತಗಡಿನ ಕೊಳವೆಯೊಳಗೆ ಹೋಗಿ ಒಣಗಿದರೆ ಕೂದಲು ಅಗಲಿಕೊಳ್ಳುತ್ತದೆ, ಆಮೇಲೆ ಮತ್ತೆ ಮೊನೆ ಕೂಡುವುದಿಲ್ಲ. ನಿಮ್ಮೂರಿನ ಬಿಸಿಲಿಗಂತೂ ಫೋನ್ ಮಾತಾಡಿ ಬರುವಷ್ಟರಲ್ಲಿ ಒಣಗಿರುತ್ತದೆ. ಹತ್ತು ನಿಮಿಷಕ್ಕೊಮ್ಮೆ ನೀರಲ್ಲಿ ಅಲುಗಾಡಿಸಿ, ಕೊನೆಗೆ ಸೋಪು ಹಾಕಿ ಅಂಗೈಯಲ್ಲಿ ತೊಳೆದು, ತುದಿ ಕೂಡಿಸಿ ಮಲಗಿಸಿ ಒಣಗಿಸಿ. ಪೊರಕೆಯಾದ ಕುಂಚ ಎಸೆಯಬೇಡಿ. ಹುಲ್ಲು, ಗಡ್ಡ, ಗುಡಿಸಲ ಸೋಗೆ ಬಿಡಿಸಲು ಅದರಂಥದ್ದು ಇನ್ನೊಂದಿಲ್ಲ.

ಪ್ರಶ್ನೆ: ನನ್ನ ಮಗನಿಗೆ ಹದಿನಾಲ್ಕು ವರ್ಷ. ಕಾಮಿಕ್ಸ್ ಹುಚ್ಚು. ಒಂದು ಗೆರೆ ತಪ್ಪಿದರೂ ಪುಟವನ್ನು ಮುದ್ದೆ ಮಾಡಿ ಬಿಸಾಡುತ್ತಾನೆ, ಅಳುತ್ತಾನೆ, ಊಟ ಬಿಡುತ್ತಾನೆ. ಅವನಿಗೆ ಏನು ಹೇಳಲಿ?
— ಗೃಹಿಣಿ, ಶಿವಮೊಗ್ಗ

ಉತ್ತರ: ಅಕ್ಕಾ, ಏನೂ ಹೇಳಬೇಡಿ. ಹದಿನಾಲ್ಕನೇ ವಯಸ್ಸಿನಲ್ಲಿ ಅಮ್ಮ ಹೇಳಿದ್ದು ಯಾರ ಕಿವಿಗೂ ಹೋಗುವುದಿಲ್ಲ. ಒಂದು ರಟ್ಟಿನ ಪೆಟ್ಟಿಗೆ ತಂದುಕೊಡಿ. ಬಿಸಾಡುವುದಾದರೆ ಅದರೊಳಗೆ ಬಿಸಾಡು ಅನ್ನಿ, ಮುದ್ದೆ ಮಾಡದೆ.

ನನ್ನ ಹತ್ತಿರ ಅಂಥ ಮೂರು ಪೆಟ್ಟಿಗೆ ಇವೆ. ಪ್ರತಿ ಕೆಟ್ಟ ಪುಟದ ಹಿಂದೆ ಪೆನ್ಸಿಲ್‌ನಲ್ಲಿ ಎರಡು ಸಾಲು ಬರೆದಿರುತ್ತೇನೆ. ಒಂದು ಪುಟ ಈಗ ಮುಂದೆ ಇದೆ, ನೋಡಿ ಹಾಗೇ ಬರೆಯುತ್ತೇನೆ: ‘ರಾತ್ರಿ ಹನ್ನೊಂದು. ಕರೆಂಟ್ ಹೋಗಿ ಬಂತು. ಇಂಕು ಗಟ್ಟಿ. ನಾಲ್ಕನೇ ಚೌಕದ ಕುದುರೆಗೆ ಐದು ಕಾಲು.’ ಹೌದು, ಐದು. ಕುದುರೆ ಓಡುತ್ತಿದೆ, ಮುಂಗಾಲು ಎಲ್ಲಿಡಬೇಕು ಅಂತ ಪೆನ್ಸಿಲ್‌ನಲ್ಲಿ ಎರಡು ಥರ ಬಿಡಿಸಿ ನೋಡಿದ್ದೆ. ಯಾವುದು ಅಂತ ತೀರ್ಮಾನ ಮಾಡಿರಲಿಲ್ಲ. ಇಂಕು ಹಾಕುವಾಗ ನೋಡಿಕೊಂಡರಾಯ್ತು ಅಂತ ಬಿಟ್ಟೆ. ಇಂಕು ಹಾಕುವಾಗ ನಿದ್ದೆಗಣ್ಣು, ಎರಡಕ್ಕೂ ಹಾಕಿಬಿಟ್ಟೆ. ಚೆನ್ನಾಗಿಯೇ ಹಾಕಿದ್ದೇನೆ, ಗೊರಸಿನ ಹೊಳಪಿನ ಸಮೇತ!

ಒಂದು ವರ್ಷ ಆದಮೇಲೆ ಪೆಟ್ಟಿಗೆ ಸುರಿದುಕೊಂಡು ಹಿಂದಿನ ಬರಹ ಮಾತ್ರ ಓದುತ್ತಾ ಕೂತೆ. ಕೈ ಜಾರಿ ಆದದ್ದು ಬೆರಳೆಣಿಕೆಯಷ್ಟು. ಉಳಿದದ್ದೆಲ್ಲ ಪೆನ್ಸಿಲ್‌ನಲ್ಲಿ ಮುಗಿಸದೆ ಬಿಟ್ಟ ಕೆಲಸ, ಇಲ್ಲವೇ ರಾತ್ರಿ ಹತ್ತರ ಮೇಲೆ ಮಾಡಿದ ಕೆಲಸ. ಅವತ್ತಿನಿಂದ ಹತ್ತಕ್ಕೆ ಬಾಟಲಿಯ ಮುಚ್ಚಳ ಹಾಕುತ್ತೇನೆ. ಒಂದು ಕುದುರೆಗೆ ಎಷ್ಟು ಕಾಲು ಅಂತ ಎಣಿಸುತ್ತೇನೆ. ಹಿಂದಿನ ಚೌಕದಲ್ಲಿ ರಾಜ ಯಾವ ಕೈಯಲ್ಲಿ ಕತ್ತಿ ಹಿಡಿದಿದ್ದ ಅಂತಲೂ ನೋಡುತ್ತೇನೆ, ಅದೂ ಒಮ್ಮೆ ಅದಲುಬದಲಾಗಿತ್ತು.

ನಿಮ್ಮ ಮಗನಿಗೆ ಹಳೆಯ ಚಂದಮಾಮ ಸಿಕ್ಕರೆ ಕೊಡಿ. ಬೇತಾಳವನ್ನು ಹೆಗಲ ಮೇಲೆ ಹೊತ್ತ ವಿಕ್ರಮನ ಚಿತ್ರ ಬಿಡಿಸಿದವರು ಶಂಕರ್, ಅಂದರೆ ಕೆ.ಸಿ. ಶಿವಶಂಕರನ್. ಅವರ ಒಂದು ಚಿತ್ರದ ಮೇಲೆ ಟ್ರೇಸಿಂಗ್ ಪೇಪರ್ ಇಟ್ಟು ಗೆರೆಗಳನ್ನು ಹಾಗೇ ಎಳೆಯಲಿ. ಆ ಬಟ್ಟೆಯ ಮಡಿಕೆ, ಆ ಮರದ ಬೇರು, ಯಾವ ಗೆರೆ ಎಲ್ಲಿ ನಿಂತಿದೆ ಅಂತ ಕೈಗೆ ಗೊತ್ತಾಗಬೇಕು. ಮಸಿ ಹರಡಿ ಒಂದೆರಡು ಟ್ರೇಸಿಂಗ್ ಪೇಪರ್ ಹಾಳಾಗುತ್ತವೆ, ಅವೂ ಪೆಟ್ಟಿಗೆಗೆ ಹೋಗಲಿ. ಊಟದ ವಿಷಯ ನೀವೇ ನೋಡಿಕೊಳ್ಳಿ ಅಕ್ಕಾ, ಅದರಲ್ಲಿ ನನಗೆ ಅನುಭವ ಇಲ್ಲ. ನಾನು ಯಾವತ್ತೂ ಊಟ ಬಿಟ್ಟವನಲ್ಲ.

ಪ್ರಶ್ನೆ: ಬೆರಳಿಗೆ ಅಂಟಿದ ಇಂಕು ಹೇಗೆ ತೆಗೆಯುತ್ತೀರಿ?
— ಧಾರವಾಡ

ಉತ್ತರ: ಕೊಬ್ಬರಿ ಎಣ್ಣೆ ಹಚ್ಚಿ ಹತ್ತು ನಿಮಿಷ ಬಿಟ್ಟು, ಸೋಪು ಹಾಕಿ ತಿಕ್ಕುತ್ತೇನೆ. ಮುಕ್ಕಾಲು ಹೋಗುತ್ತದೆ. ಉಗುರಿನ ಸಂದಿಯದ್ದು ಹೋಗುವುದಿಲ್ಲ. ಹೋದ ವರ್ಷ ಒಂದು ಮದುವೆಯಲ್ಲಿ ಊಟಕ್ಕೆ ಕೂತಿದ್ದೆ. ಪಾಯಸ ಬಡಿಸಲು ಬಂದವರು ನನ್ನ ಬೆರಳನ್ನೇ ನೋಡಿ, ‘ಏನ್ ಸಾರ್, ವೋಟು ಹಾಕಿ ಬಂದ್ರಾ?’ ಅಂದರು. ಹೌದು ಅಂದುಬಿಟ್ಟೆ. ಆ ತಿಂಗಳು ಎಲ್ಲೂ ಚುನಾವಣೆ ಇರಲಿಲ್ಲ.